ಚುಚ್ಚುಮದ್ದಿನ ನಂತರ ಪಿಟಿಎಚ್ ಏರಿದೆ: ಮೂಳೆಯ ಚಿಕಿತ್ಸೆ ಹಾರ್ಮೋನನ್ನು ಕೆಡಿಸಿತೇ?

ಪ್ರಶ್ನೆ: ನನಗೆ 64 ವರ್ಷ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಈಗ ತುಮಕೂರಿನಲ್ಲಿದ್ದೇನೆ, ಇಪ್ಪತ್ತೆರಡು ವರ್ಷ ಪಾವಗಡ ತಾಲ್ಲೂಕಿನ ಹಳ್ಳಿಗಳಲ್ಲಿ ಕೆಲಸ ಮಾಡಿದೆ. ಕಳೆದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿದಾಗ ಬೆನ್ನುಮೂಳೆಯ ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 3.2, ಸೊಂಟದ್ದು ಮೈನಸ್ 2.6 ಬಂತು. ಡೆನೊಸುಮ್ಯಾಬ್ ಎಂಬ ಚುಚ್ಚುಮದ್ದು ಕೊಟ್ಟು, ಆರು ತಿಂಗಳಿಗೊಮ್ಮೆ ಬರಬೇಕು ಎಂದರು. ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿದ್ದರು. ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಯಾರೋ ಹೇಳಿದ್ದರಿಂದ ಮೂರು ವಾರಕ್ಕೆ ನಿಲ್ಲಿಸಿದೆ. ಐದು ವಾರದ ನಂತರ ಪೂರ್ಣ ದೇಹ ತಪಾಸಣೆ ಮಾಡಿಸಿದಾಗ ಪಿಟಿಎಚ್ (ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನು) 118 ಎಂದು ಕೆಂಪಕ್ಷರದಲ್ಲಿ ಬಂದಿದೆ (ಸಹಜ ಮಿತಿ 15ರಿಂದ 65). ಕ್ಯಾಲ್ಸಿಯಂ 8.8, ವಿಟಮಿನ್ ಡಿ 14, ಕ್ರಿಯಾಟಿನಿನ್ 0.8. ಅಲ್ಬುಮಿನ್ ಸರಿಯಾಗಿದೆ. ಸಂಬಂಧಿಕರೊಬ್ಬರು, "ಆ ಚುಚ್ಚುಮದ್ದು ಹಾರ್ಮೋನನ್ನು ಕೆಡಿಸಿದೆ, ಗ್ರಂಥಿಯಲ್ಲಿ ಗೆಡ್ಡೆ ಇರಬಹುದು, ಸ್ಕ್ಯಾನ್ ಮಾಡಿಸಿ" ಎನ್ನುತ್ತಾರೆ. ನಮ್ಮ ಅತ್ತಿಗೆ ಹಿಂದೆ ಮೂಗಿಗೆ ಸಿಂಪಡಿಸುವ ಔಷಧ ಬಳಸಿದ್ದರಂತೆ, ಅದೇ ಸುರಕ್ಷಿತ ಎನ್ನುತ್ತಾರೆ. ಇನ್ನೊಬ್ಬ ವೈದ್ಯರು ದಿನವೂ ಚುಚ್ಚಿಕೊಳ್ಳುವ ಔಷಧವೂ ಇದೆ, ಅದು ಪಿಟಿಎಚ್‌ನದೇ ಒಂದು ಭಾಗ ಎಂದರು. ಏರಿರುವ ಹಾರ್ಮೋನನ್ನೇ ಮತ್ತೆ ಚುಚ್ಚಿಕೊಳ್ಳುವುದು ಹೇಗೆ? ಅದರಿಂದ ಕ್ಯಾನ್ಸರ್ ಬರುತ್ತದೆ ಎಂದೂ ಕೇಳಿದ್ದೇನೆ. ಥೈರಾಯ್ಡ್ ಮಾತ್ರೆ 75 ಮೈಕ್ರೊಗ್ರಾಂ ಹತ್ತು ವರ್ಷದಿಂದ ಇದೆ. ಮುಂದಿನ ಚುಚ್ಚುಮದ್ದಿಗೆ ಇನ್ನು ಐದು ವಾರ ಇದೆ. ಅದನ್ನು ಬಿಟ್ಟುಬಿಡೋಣ ಎಂದುಕೊಂಡಿದ್ದೇನೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಮುಂದಿನ ಚುಚ್ಚುಮದ್ದನ್ನು ಸುಮ್ಮನೆ ಬಿಟ್ಟುಬಿಡಬೇಡಿ. ಔಷಧವನ್ನು ಬದಲಿಸಬಹುದು, ಅದಕ್ಕೆ ಸರಿಯಾದ ದಾರಿಯಿದೆ. ದಿನ ದಾಟಿಸಿ ಸುಮ್ಮನಿರುವುದು ಮಾತ್ರ ಬೇಡ. ಕಾರಣವನ್ನು ಮುಂದೆ ವಿವರಿಸುತ್ತೇನೆ. ನಿಮಗೆ ಐದು ವಾರ ಸಮಯವಿದೆ, ಆ ಐದು ವಾರದಲ್ಲಿ ಮಾಡಬೇಕಾದ ಕೆಲಸವೂ ಇದೆ.

ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಮೂಳೆಗೆಂದು ಪಡೆದ ಔಷಧದ ನಂತರ, ಮೂಳೆಯನ್ನೇ ಕರಗಿಸುತ್ತದೆ ಎಂದು ಹೆಸರಾದ ಹಾರ್ಮೋನು ಸಹಜ ಮಿತಿಯ ಹೆಚ್ಚುಕಡಿಮೆ ದುಪ್ಪಟ್ಟಾಗಿದೆ. ಕೆಂಪಕ್ಷರ ನೋಡಿದವರು ಯಾರಾದರೂ ಹೆದರುತ್ತಾರೆ. ಆದರೆ ನೀವು ಬರೆದಿರುವ ಅಂಕಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ ಗ್ರಂಥಿ ಕೆಟ್ಟಿದೆ ಎಂದು ನನಗೆ ಅನ್ನಿಸುವುದಿಲ್ಲ. ಅದು ತನ್ನ ಕೆಲಸವನ್ನು ಮಾಡುತ್ತಿದೆ. ಆ ಕೆಲಸಕ್ಕೆ ಬೇಕಾದ ಸಾಮಗ್ರಿ ಅದಕ್ಕೆ ಸಿಗುತ್ತಿಲ್ಲ.

ಪ್ಯಾರಾಥೈರಾಯ್ಡ್ ಎಂಬ ಹೆಸರಿನಿಂದ ಅನೇಕರು ಅದನ್ನು ಥೈರಾಯ್ಡ್‌ನ ಭಾಗವೆಂದು ತಿಳಿಯುತ್ತಾರೆ. ಎರಡಕ್ಕೂ ನೆರೆಹೊರೆಯ ಸಂಬಂಧ ಅಷ್ಟೆ. ಕುತ್ತಿಗೆಯಲ್ಲಿ ಥೈರಾಯ್ಡ್‌ನ ಹಿಂಬದಿಗೆ ಸಾಮಾನ್ಯವಾಗಿ ನಾಲ್ಕು ಪುಟ್ಟ ಗ್ರಂಥಿಗಳಿರುತ್ತವೆ, ಒಂದೊಂದೂ ಹೆಚ್ಚೆಂದರೆ ತೊಗರಿಬೇಳೆಯ ಗಾತ್ರ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ಕ್ಷಣಕ್ಷಣವೂ ನೋಡುತ್ತಿರುವುದು ಅವುಗಳ ಕೆಲಸ. ನಮ್ಮ ದೇಹದಲ್ಲಿ ಒಂದು ಕಿಲೋಗ್ರಾಂನಷ್ಟು ಕ್ಯಾಲ್ಸಿಯಂ ಇದ್ದರೆ ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಚೂರು ಪಾಲಿನಿಂದಲೇ ಹೃದಯ ಮಿಡಿಯಬೇಕು, ಸ್ನಾಯು ಕುಗ್ಗಬೇಕು, ನರ ಸಂದೇಶ ಒಯ್ಯಬೇಕು. ಹಾಗಾಗಿ ಮೂಳೆಯನ್ನು ಒಂದು ಕಣಜವೆಂದು ಎಣಿಸಿ. ಅಡುಗೆಮನೆಗೆ ದಿನದ ಕಾಳು ಬೇಕು. ಹೊರಗಿನಿಂದ, ಅಂದರೆ ಊಟದಿಂದ ಬಾರದಿದ್ದರೆ ಕಣಜದಿಂದ ತೆಗೆಯಬೇಕು. ಪಿಟಿಎಚ್ ಆ ಕಣಜದ ಬೀಗದ ಕೈ ಹಿಡಿದವಳು. ರಕ್ತದ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಮೂರು ಕಡೆ ಕೈಹಾಕುತ್ತಾಳೆ: ಮೂಳೆಯಿಂದ ತೆಗೆಯುತ್ತಾಳೆ, ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಅನ್ನು ತಡೆಯುತ್ತಾಳೆ, ಮೂತ್ರಪಿಂಡದಲ್ಲಿ ವಿಟಮಿನ್ ಡಿಯನ್ನು ಅದರ ಚುರುಕಾದ ರೂಪಕ್ಕೆ ಬದಲಿಸಿ ಕರುಳು ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತಾಳೆ.

ಈಗ ಡೆನೊಸುಮ್ಯಾಬ್ ಏನು ಮಾಡುತ್ತದೆ ನೋಡಿ. ಮೂಳೆ ಜೀವಂತ ಅಂಗ. ಹಳೆಯ ಮಣ್ಣಿನ ಗೋಡೆಯನ್ನು ಅಲ್ಲಲ್ಲಿ ಕೆತ್ತಿ ಹೊಸ ಮಣ್ಣು ಮೆತ್ತುವಂತೆ, ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕೊರೆಯುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಹತ್ತನೇ ಒಂದು ಭಾಗ ಮೂಳೆ ಹೀಗೆ ಹೊಸದಾಗುತ್ತದೆ. ಕೊರೆಯುವ ಕೋಶಗಳನ್ನು ಬೆಳೆಸಿ ಎಬ್ಬಿಸುವ ಒಂದು ಪ್ರೋಟೀನ್ ಇದೆ, ರ್ಯಾಂಕ್-ಲಿಗ್ಯಾಂಡ್ ಎಂದು ಅದರ ಹೆಸರು. ಈಸ್ಟ್ರೊಜೆನ್ ಇರುವಷ್ಟು ಕಾಲ ಇದು ಹತೋಟಿಯಲ್ಲಿರುತ್ತದೆ. ಮುಟ್ಟು ನಿಂತ ಮೇಲೆ ಆ ಹಿಡಿತ ಸಡಿಲವಾಗಿ, ಮೊದಲ ಕೆಲವು ವರ್ಷ ಕೊರೆಯುವ ಕೆಲಸ ಕಟ್ಟುವ ಕೆಲಸವನ್ನು ಮೀರಿ ಓಡುತ್ತದೆ. ಡೆನೊಸುಮ್ಯಾಬ್ ಒಂದು ಪ್ರತಿಕಾಯ. ರ್ಯಾಂಕ್-ಲಿಗ್ಯಾಂಡ್ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಈಸ್ಟ್ರೊಜೆನ್ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಮಾಡುತ್ತದೆ, ಆದರೆ ತಾನು ಹಾರ್ಮೋನಲ್ಲ. ಸ್ತನಕ್ಕಾಗಲಿ ಗರ್ಭಕೋಶಕ್ಕಾಗಲಿ ಈಸ್ಟ್ರೊಜೆನ್‌ನಂತೆ ಪ್ರಚೋದನೆ ಕೊಡುವುದಿಲ್ಲ.

ಅಂದರೆ ಚುಚ್ಚುಮದ್ದು ಬಿದ್ದ ದಿನದಿಂದ ಕಣಜದ ಬಾಗಿಲು ಬಿಗಿಯಾಗಿ ಮುಚ್ಚಿದೆ. ಮೂಳೆಗೆ ಬೇಕಾಗಿದ್ದು ಅದೇ. ಆದರೆ ಒಳಗಿನಿಂದ ಬರುತ್ತಿದ್ದ ಕಾಳು ನಿಂತಿತು. ಅದೇ ಹೊತ್ತಿಗೆ ನೀವು ಕ್ಯಾಲ್ಸಿಯಂ ಮಾತ್ರೆ ಬಿಟ್ಟಿರಿ, ವಿಟಮಿನ್ ಡಿ 14 ಇರುವುದರಿಂದ ಊಟದ ಕ್ಯಾಲ್ಸಿಯಂ ಕೂಡ ಸರಿಯಾಗಿ ಒಳಬರುತ್ತಿಲ್ಲ (20ಕ್ಕಿಂತ ಕಡಿಮೆಯಾದರೆ ಕೊರತೆ). ರಕ್ತದ ಕ್ಯಾಲ್ಸಿಯಂ 8.8, ಸಹಜ ಮಿತಿಯ ಕೆಳ ಅಂಚಿನ ಹತ್ತಿರ. ಇಂಥ ಸ್ಥಿತಿಯಲ್ಲಿ ಪಿಟಿಎಚ್ ಏರದೆ ಇದ್ದಿದ್ದರೆ ನನಗೆ ಚಿಂತೆಯಾಗುತ್ತಿತ್ತು. ಈ ಔಷಧದ ನಂತರ ಮೊದಲ ತಿಂಗಳ ಸುಮಾರಿಗೆ ಪಿಟಿಎಚ್ ಏರಿ ಆಮೇಲೆ ನಿಧಾನವಾಗಿ ಇಳಿಯುವುದು, ಕ್ಯಾಲ್ಸಿಯಂ ಸಾಕಷ್ಟು ಸಿಕ್ಕವರಲ್ಲೂ ಸ್ವಲ್ಪ ಮಟ್ಟಿಗೆ ಕಾಣುವ ಸಂಗತಿ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೊಲೆಡ್ರೊನಿಕ್ ಆಮ್ಲದ ನಂತರವೂ ಹೀಗಾಗುತ್ತದೆ. ನೀವು ಪರೀಕ್ಷೆ ಮಾಡಿಸಿದ್ದು ಸರಿಯಾಗಿ ಐದನೇ ವಾರದಲ್ಲಿ, ಏರಿಕೆ ಜೋರಾಗಿರುವ ಹೊತ್ತಿನಲ್ಲಿ.

ಗೆಡ್ಡೆಯ ಮಾತು. ಪ್ಯಾರಾಥೈರಾಯ್ಡ್ ಗ್ರಂಥಿಯಲ್ಲೇ ದೋಷವಿದ್ದರೆ ಪಿಟಿಎಚ್ ಜೊತೆಗೆ ರಕ್ತದ ಕ್ಯಾಲ್ಸಿಯಂ ಕೂಡ ಏರಿರುತ್ತದೆ, ಸಾಮಾನ್ಯವಾಗಿ 10.5 ದಾಟಿರುತ್ತದೆ. ನಿಮ್ಮದು ತದ್ವಿರುದ್ಧ ದಿಕ್ಕಿನಲ್ಲಿದೆ. ಒಂದು ಎಚ್ಚರಿಕೆ ಹೇಳಲೇಬೇಕು: ವಿಟಮಿನ್ ಡಿ ಕೊರತೆ ಕೆಲವೊಮ್ಮೆ ಗ್ರಂಥಿಯ ದೋಷವನ್ನು ಮರೆಮಾಡುತ್ತದೆ. ಹಾಗಾಗಿ ಕೊರತೆ ತುಂಬಿದ ಮೇಲೆ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಎರಡನ್ನೂ ಮತ್ತೆ ನೋಡಬೇಕು. ಆಗ ಕ್ಯಾಲ್ಸಿಯಂ ಮಿತಿ ಮೀರಿ, ಪಿಟಿಎಚ್ ಇಳಿಯದೆ ನಿಂತರೆ ಗ್ರಂಥಿಯನ್ನು ಅನುಮಾನಿಸೋಣ. ಕುತ್ತಿಗೆಯ ಸ್ಕ್ಯಾನ್ ಇರುವುದು ರಕ್ತಪರೀಕ್ಷೆಯಲ್ಲಿ ರೋಗ ಖಚಿತವಾದ ಮೇಲೆ, ಶಸ್ತ್ರಚಿಕಿತ್ಸೆಗೆ ಮುನ್ನ, ಯಾವ ಗ್ರಂಥಿ ಎಂದು ಹುಡುಕುವುದಕ್ಕೆ. ಈಗ ಮಾಡಿಸಿದರೆ ಥೈರಾಯ್ಡ್‌ನ ಯಾವುದೋ ನಿರುಪದ್ರವಿ ಗಂಟು ಕಣ್ಣಿಗೆ ಬಿದ್ದು ಇನ್ನೊಂದು ಸುತ್ತಿನ ಅಲೆದಾಟ ಶುರುವಾಗುತ್ತದೆ.

ನಿಮ್ಮ ಪತ್ರದಲ್ಲಿ ನೀವು ಸಹಜವಾಗಿ ಹೇಳಿ ಮುಂದೆ ಹೋದ ಒಂದು ಮಾತಿನ ಮೇಲೆ ನನ್ನ ಕಣ್ಣು ನಿಂತಿತು: ಪಾವಗಡದಲ್ಲಿ ಇಪ್ಪತ್ತೆರಡು ವರ್ಷ. ಆ ಭಾಗದ ಕೊಳವೆಬಾವಿಗಳ ಫ್ಲೋರೈಡ್ ಸಮಸ್ಯೆ ಹಳೆಯದು. ಕೋಲಾರ, ಚಿಕ್ಕಬಳ್ಳಾಪುರ, ರಾಯಚೂರಿನ ಹಲವೆಡೆಯೂ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಕುಡಿದವರಲ್ಲಿ ಪಿಟಿಎಚ್ ಏರುವುದುಂಟು, ಅದರಲ್ಲೂ ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದರೆ. ಇನ್ನೊಂದು ತೊಡಕೂ ಇದೆ. ಫ್ಲೋರೈಡ್ ಸೇರಿದ ಮೂಳೆ ಡೆಕ್ಸಾದಲ್ಲಿ ದಟ್ಟವಾಗಿ ಕಾಣುತ್ತದೆ, ಆದರೆ ಆ ದಟ್ಟಣೆಗೆ ತಕ್ಕ ಗಟ್ಟಿತನ ಅದಕ್ಕಿರುವುದಿಲ್ಲ. ಹಲ್ಲಿನಲ್ಲಿ ಕಲೆಯಿಲ್ಲವಲ್ಲ ಎಂದು ನೀವು ಕೇಳಬಹುದು. ಹಲ್ಲಿನ ಕಲೆ ಬಾಲ್ಯದಲ್ಲಿ ಆ ನೀರು ಕುಡಿದವರಿಗೆ ಬರುವಂಥದ್ದು. ದೊಡ್ಡವರಾದ ಮೇಲೆ ಹೋಗಿ ನೆಲೆಸಿದವರ ಹಲ್ಲು ಬೆಳ್ಳಗೇ ಇರುತ್ತದೆ. ಕುತ್ತಿಗೆ, ಬೆನ್ನು ಬಗ್ಗಿಸಲು ಬಿಗಿತವಿದ್ದರೆ ವೈದ್ಯರಿಗೆ ಈ ಹಿನ್ನೆಲೆಯನ್ನು ಹೇಳಿ. ಒಂದು ಮುಂಗೈ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಸಾಕು.

ಈಗ ಚುಚ್ಚುಮದ್ದು ಬಿಡಬೇಡಿ ಎಂದ ಕಾರಣಕ್ಕೆ ಬರುತ್ತೇನೆ. 2009ರಲ್ಲಿ ಪ್ರಕಟವಾದ, ಏಳು ಸಾವಿರಕ್ಕೂ ಹೆಚ್ಚು ಮಹಿಳೆಯರ ಮೂರು ವರ್ಷದ ಅಧ್ಯಯನದಲ್ಲಿ ಡೆನೊಸುಮ್ಯಾಬ್ ಪಡೆದವರಲ್ಲಿ ಬೆನ್ನುಮೂಳೆ ಮುರಿತ 68 ಶೇಕಡಾ, ಸೊಂಟದ ಮುರಿತ 40 ಶೇಕಡಾ ಕಡಿಮೆಯಾಯಿತು. ಇದು ಒಳ್ಳೆಯ ಔಷಧ. ಆದರೆ ಇದರ ಪರಿಣಾಮ ಆರು ತಿಂಗಳಿಗೆ ಮುಗಿಯುತ್ತದೆ, ಮುಗಿದಾಗ ಕಟ್ಟಿಹಾಕಿದ್ದ ಕೊರೆಯುವ ಕೋಶಗಳು ಒಮ್ಮೆಲೇ, ಮೊದಲಿಗಿಂತ ಜೋರಾಗಿ ಏಳುತ್ತವೆ. ಗಳಿಸಿದ ಸಾಂದ್ರತೆ ಒಂದೆರಡು ವರ್ಷದಲ್ಲಿ ಹೋಗಿಬಿಡುತ್ತದೆ. ಕೆಲವರಲ್ಲಿ ಬೆನ್ನಿನ ಹಲವು ಮೂಳೆಗಳು ಒಟ್ಟಿಗೆ ಕುಸಿಯುತ್ತವೆ.

ಬೇರೆಡೆ ನಾಲ್ಕು ವರ್ಷ ಈ ಚಿಕಿತ್ಸೆ ಪಡೆದಿದ್ದ ಒಬ್ಬ ಮಹಿಳೆ ನನ್ನ ಬಳಿಗೆ ಬಂದಾಗ ಕೊನೆಯ ಚುಚ್ಚುಮದ್ದಾಗಿ ಹನ್ನೊಂದು ತಿಂಗಳಾಗಿತ್ತು. ಡೆಕ್ಸಾ ಫಲಿತಾಂಶ ಚೆನ್ನಾಗಿ ಬಂದಿತ್ತು, ಇನ್ನು ಸಾಕು ಎಂದು ನಿಲ್ಲಿಸಿದ್ದರು. ನೀರಿನ ಕೊಡ ಎತ್ತಿದಾಗ ಬೆನ್ನು ಹಿಡಿಯಿತು. ಎಕ್ಸ್‌ರೇಯಲ್ಲಿ ಮೂರು ಕಶೇರುಗಳು ಕುಸಿದಿದ್ದವು. ನಿಲ್ಲಿಸಿದರೆ ಏನಾಗುತ್ತದೆ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ನಾನು ಮೊದಲ ಚುಚ್ಚುಮದ್ದಿಗೆ ಮುಂಚೆಯೇ ಅದನ್ನು ನಿಲ್ಲಿಸುವ ಬಗೆಯನ್ನು ಹೇಳಿಬಿಡುತ್ತೇನೆ. ಒಂದೇ ಡೋಸ್ ಪಡೆದ ನಿಮ್ಮ ಅಪಾಯ ವರ್ಷಗಟ್ಟಲೆ ಪಡೆದವರಷ್ಟು ದೊಡ್ಡದಲ್ಲ, ಅದನ್ನೂ ಹೇಳಬೇಕು. ಹಾಗೆಂದೇ, ಔಷಧ ಬದಲಿಸುವ ಮನಸ್ಸಿದ್ದರೆ ಅದಕ್ಕೆ ಅತ್ಯಂತ ಸುಲಭದ ಸಮಯ ಇದೇ.

ಇನ್ನು ನಿಮ್ಮ ಪತ್ರದ ಅತ್ಯುತ್ತಮ ಪ್ರಶ್ನೆ: ಏರಿರುವ ಹಾರ್ಮೋನನ್ನೇ ಚುಚ್ಚಿಕೊಳ್ಳುವುದು ಹೇಗೆ? ಆ ಔಷಧ ಟೆರಿಪ್ಯಾರಟೈಡ್. ಪಿಟಿಎಚ್ 84 ಅಮೈನೊ ಆಮ್ಲಗಳ ಸರಪಳಿ. ಅದರ ಮೊದಲ 34 ಕೊಂಡಿಗಳೇ ಈ ಔಷಧ. ದಿನಕ್ಕೊಮ್ಮೆ 20 ಮೈಕ್ರೊಗ್ರಾಂ. ಬಂದು ಹೋಗುವ ಮಳೆ ಬೆಳೆಗೆ ಹಿತ, ಹೊಲದಲ್ಲಿ ನಿಂತ ನೀರು ಬೇರನ್ನು ಕೊಳೆಸುತ್ತದೆ. ಪಿಟಿಎಚ್ ಹಗಲು ರಾತ್ರಿ ಏರಿಯೇ ಇದ್ದರೆ ಕೊರೆಯುವ ಕೋಶಗಳು ಗೆಲ್ಲುತ್ತವೆ. ದಿನಕ್ಕೊಮ್ಮೆ ಏರಿ ಕೆಲವೇ ಗಂಟೆಗಳಲ್ಲಿ ಇಳಿದುಹೋದರೆ ಕಟ್ಟುವ ಕೋಶಗಳು ಎಚ್ಚರಗೊಳ್ಳುತ್ತವೆ, ಏಕೆಂದರೆ ಕಟ್ಟುವ ಕೆಲಸಕ್ಕೆ ಅಡ್ಡಿಯಾಗಿರುವ ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನ್ ಕೂಡ ಪಿಟಿಎಚ್ ಬಂದಾಗ ತಗ್ಗುತ್ತದೆ. ಚುಚ್ಚಿಕೊಂಡ ನಂತರ ರಕ್ತದ ಕ್ಯಾಲ್ಸಿಯಂ ಸ್ವಲ್ಪ ಏರುವುದರಿಂದ ನಿಮ್ಮದೇ ಗ್ರಂಥಿಯ ಸ್ರಾವ ಆ ಹೊತ್ತಿಗೆ ಇಳಿಯುತ್ತದೆ. ಔಷಧ ನಿಲ್ಲಿಸಿದ ಮೇಲೆ ಅದು ತನ್ನ ಲಯಕ್ಕೆ ಮರಳುತ್ತದೆ. ಗ್ರಂಥಿ ಸೋಮಾರಿಯಾಗಿ ಕೆಲಸ ಮರೆಯುತ್ತದೆ ಎಂಬುದು ನಿಜವಲ್ಲ.

ಕ್ಯಾನ್ಸರ್ ಭಯಕ್ಕೆ ಮೂಲ ಇಲಿಗಳ ಮೇಲಿನ ಪ್ರಯೋಗ. ಎಳೆಯ ವಯಸ್ಸಿನಿಂದ ಹೆಚ್ಚುಕಡಿಮೆ ಜೀವಮಾನವಿಡೀ, ಮನುಷ್ಯರಿಗಿಂತ ಎಷ್ಟೋ ಹೆಚ್ಚಿನ ಪ್ರಮಾಣ ಕೊಟ್ಟ ಇಲಿಗಳಲ್ಲಿ ಮೂಳೆಯ ಕ್ಯಾನ್ಸರ್ ಕಂಡಿತ್ತು. ಹಾಗಾಗಿ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ ಕಪ್ಪು ಚೌಕದ ಎಚ್ಚರಿಕೆಯೊಂದಿಗೇ (ಔಷಧದ ಮಾಹಿತಿ ಪತ್ರದಲ್ಲಿ ಹಾಕುವ ಅತ್ಯಂತ ಗಂಭೀರ ಎಚ್ಚರಿಕೆ) ಸಿಕ್ಕಿತು. ಹಲವು ವರ್ಷ ರೋಗಿಗಳನ್ನು ಗಮನಿಸಿದ ಮೇಲೂ ಮನುಷ್ಯರಲ್ಲಿ ಆ ಏರಿಕೆ ಕಾಣಲಿಲ್ಲ. 2020ರಲ್ಲಿ ಆ ಎಚ್ಚರಿಕೆಯನ್ನು ತೆಗೆದುಹಾಕಲಾಯಿತು. ಆದರೂ ಮೂಳೆಗೆ ರೇಡಿಯೇಷನ್ ಪಡೆದವರಿಗೆ, ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ, ರಕ್ತದ ಕ್ಯಾಲ್ಸಿಯಂ ಏರಿದವರಿಗೆ ಇದನ್ನು ಕೊಡುವುದಿಲ್ಲ. ಸಾಮಾನ್ಯವಾಗಿ ಎರಡು ವರ್ಷಕ್ಕೆ ನಿಲ್ಲಿಸಿ, ಗಳಿಸಿದ್ದನ್ನು ಉಳಿಸಲು ಬೇರೆ ಔಷಧಕ್ಕೆ ದಾಟಿಸಬೇಕು.

ಇಷ್ಟು ಒಳ್ಳೆಯ ಔಷಧವಾದರೂ ಈಗ ನಿಮಗೆ ಅದನ್ನು ನಾನು ಸೂಚಿಸುವುದಿಲ್ಲ. ಡೆನೊಸುಮ್ಯಾಬ್‌ನಿಂದ ನೇರವಾಗಿ ಟೆರಿಪ್ಯಾರಟೈಡ್‌ಗೆ ಹೋದರೆ, ಕಟ್ಟಿಹಾಕಿದ್ದ ಕೋಶಗಳು ಏಳುವ ಹೊತ್ತಿಗೇ ಅವುಗಳಿಗೆ ಇನ್ನಷ್ಟು ಬಲ ಕೊಟ್ಟಂತಾಗುತ್ತದೆ. ಹೀಗೆ ಬದಲಿಸಿದವರಲ್ಲಿ ಸೊಂಟ ಮತ್ತು ಮುಂಗೈಯ ಸಾಂದ್ರತೆ ಇಳಿದದ್ದು ಅಧ್ಯಯನದಲ್ಲಿ ಕಂಡಿದೆ. ಮೊದಲು ಕಟ್ಟುವ ಔಷಧ, ಆಮೇಲೆ ಕಾಯುವ ಔಷಧ ಎಂಬುದೇ ಸರಿಯಾದ ಕ್ರಮ. ಮೊದಲ ದಿನವೇ ಆ ಆಯ್ಕೆ ನಿಮ್ಮ ಮುಂದೆ ಬಂದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ಉಳಿದ ಔಷಧಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ನಿಮ್ಮ ಅತ್ತಿಗೆಯವರು ಬಳಸಿದ್ದು ಸಾಲ್ಮನ್ ಮೀನಿನ ಕ್ಯಾಲ್ಸಿಟೋನಿನ್ ಹಾರ್ಮೋನಿನ ಸ್ಪ್ರೇ ಇರಬೇಕು. ಅದರ ಬಲ ಕಡಿಮೆ, ಸೊಂಟದ ಮುರಿತವನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ದೀರ್ಘಕಾಲ ಬಳಸಿದವರಲ್ಲಿ ಕ್ಯಾನ್ಸರ್ ಪ್ರಮಾಣ ಸ್ವಲ್ಪ ಹೆಚ್ಚಿದ್ದುದರಿಂದ 2012ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಸ್ಪ್ರೇಯನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಸುರಕ್ಷಿತ ಎಂಬ ಮಾತು ನಿಲ್ಲುವುದಿಲ್ಲ. ಈಸ್ಟ್ರೊಜೆನ್ ಮೂಳೆಯನ್ನು ಕಾಯುವುದು ನಿಜ, ಆದರೆ 64ರಲ್ಲಿ ಮೊದಲ ಬಾರಿ ಶುರು ಮಾಡಿದರೆ ರಕ್ತ ಹೆಪ್ಪುಗಟ್ಟುವುದು, ಪಾರ್ಶ್ವವಾಯು ಇವುಗಳ ಅಪಾಯ ಲಾಭವನ್ನು ಮೀರುತ್ತದೆ. ರಾಲೊಕ್ಸಿಫೆನ್ ಮಾತ್ರೆ ಬೆನ್ನುಮೂಳೆಗೆ ಸಹಾಯಕ, ಸೊಂಟಕ್ಕಲ್ಲ. ಸ್ಕ್ಲೆರೊಸ್ಟಿನ್ ಅನ್ನು ತಡೆಯುವ ರೊಮೊಸೊಜುಮ್ಯಾಬ್ ತಿಂಗಳಿಗೊಮ್ಮೆಯಂತೆ ಒಂದು ವರ್ಷ ಕೊಡುವ ಔಷಧ. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಬೇಡ.

ಹಾಗಾದರೆ ನಿಮ್ಮ ಮುಂದೆ ನಿಜವಾಗಿ ಇರುವುದು ಎರಡು ದಾರಿ. ಒಂದು, ಡೆನೊಸುಮ್ಯಾಬ್ ಮುಂದುವರಿಸುವುದು. ಆರು ತಿಂಗಳಿಗೆ ಸರಿಯಾಗಿ ಹೋಗುತ್ತೇನೆ, ಏಳನೇ ತಿಂಗಳು ದಾಟಿಸುವುದಿಲ್ಲ, ಎಂದಾದರೂ ನಿಲ್ಲಿಸುವುದಾದರೆ ಇನ್ನೊಂದು ಔಷಧ ಪಡೆದೇ ನಿಲ್ಲಿಸುತ್ತೇನೆ ಎಂಬ ಭರವಸೆ ನಿಮಗಿದ್ದರೆ ಇದು ಸರಿ. ಎರಡು, ಈ ಸಲ ಅದರ ಬದಲು ಜೊಲೆಡ್ರೊನಿಕ್ ಆಮ್ಲ 5 ಮಿಲಿಗ್ರಾಂ ಡ್ರಿಪ್ ಪಡೆಯುವುದು. ಅದು ಮೂಳೆಯಲ್ಲೇ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ, ಒಂದು ಡೋಸ್ ತಡವಾದರೆ ಅನಾಹುತವಿಲ್ಲ. ಮೊದಲ ಡ್ರಿಪ್ಪಿನ ನಂತರ ಎರಡು ಮೂರು ದಿನ ಜ್ವರ, ಮೈಕೈ ನೋವು ಬರಬಹುದು, ಪ್ಯಾರಸಿಟಮಾಲ್ ಸಾಕಾಗುತ್ತದೆ. ನಿಮ್ಮ ಮೂತ್ರಪಿಂಡ ಚೆನ್ನಾಗಿರುವುದರಿಂದ (ಕ್ರಿಯಾಟಿನಿನ್ 0.8 ಹೇಳುವುದು ಅದನ್ನೇ) ಕೊಡಬಹುದು. ನೀವು ಈಗಲೇ ಬಿಡಲು ಯೋಚಿಸುತ್ತಿದ್ದೀರಿ ಎಂಬುದನ್ನು ನೋಡಿದರೆ ನನ್ನ ಒಲವು ಎರಡನೆಯದರ ಕಡೆಗೆ. ಎರಡರಲ್ಲೂ ದವಡೆ ಮೂಳೆಯ ತೊಂದರೆ ಬಹಳ ಅಪರೂಪಕ್ಕೆ ಬರುತ್ತದೆ, ಕೀಳಬೇಕಾದ ಹಲ್ಲಿದ್ದರೆ ಮೊದಲೇ ಕೀಳಿಸಿಕೊಳ್ಳಿ. ವರ್ಷಗಳ ನಂತರ ತೊಡೆಯಲ್ಲಿ ಕಾರಣವಿಲ್ಲದ ನೋವು ಕಂಡರೆ ತಕ್ಷಣ ಎಕ್ಸ್‌ರೇ ಮಾಡಿಸಬೇಕು.

ಯಾವ ದಾರಿಯಾದರೂ ವಿಟಮಿನ್ ಡಿ 14 ಇರುವಾಗ ಮುಂದಿನ ಡೋಸ್ ಬೀಳಬಾರದು. ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಾಯಿಯ ಸುತ್ತ ಜುಮುಗುಡುವುದು, ಕೈಬೆರಳು ಸೆಟೆದುಕೊಳ್ಳುವುದು ಅದರ ಲಕ್ಷಣ, ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ಸಾಮಾನ್ಯವಾಗಿ ವಾರಕ್ಕೊಮ್ಮೆ 60,000 ಯೂನಿಟ್‌ನಂತೆ ಎಂಟು ವಾರ ಕೊಡುತ್ತೇವೆ. ನಿಮ್ಮ ವೈದ್ಯರನ್ನು ಕೇಳಿ ಇಂದೇ ಶುರು ಮಾಡಿದರೆ ಐದು ವಾರದಲ್ಲಿ ಗಣನೀಯವಾಗಿ ಏರಿರುತ್ತದೆ. ಎಂಟು ವಾರದ ನಂತರ ವಾರದ ಪೊಟ್ಟಣವನ್ನು ತಾವಾಗಿಯೇ ಮುಂದುವರಿಸಬೇಡಿ. ವರ್ಷಗಟ್ಟಲೆ ವಾರವಾರವೂ ತೆಗೆದುಕೊಂಡು ಕ್ಯಾಲ್ಸಿಯಂ 14 ಮುಟ್ಟಿ, ಮತಿಗೆಟ್ಟ ಸ್ಥಿತಿಯಲ್ಲಿ ಬಂದವರನ್ನು ನಾನು ನೋಡಿದ್ದೇನೆ.

ಕ್ಯಾಲ್ಸಿಯಂ ದಿನಕ್ಕೆ ಒಟ್ಟು 1000ದಿಂದ 1200 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನ ಮುದ್ದೆಯಲ್ಲಿ ಸುಮಾರು 350, ಎರಡು ಲೋಟ ಹಾಲು ಮೊಸರಿನಲ್ಲಿ ಸುಮಾರು 480. ಉಳಿದದ್ದಕ್ಕೆ 500 ಮಿಲಿಗ್ರಾಂನ ಒಂದು ಮಾತ್ರೆ ಸಾಕು, ಊಟದ ಜೊತೆಯಲ್ಲಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಆಹಾರದ ಆಕ್ಸಲೇಟ್ ಅನ್ನು ಕರುಳಿನಲ್ಲೇ ಹಿಡಿದಿಡುವುದರಿಂದ ಕಲ್ಲಿನ ಭಯ ಕಡಿಮೆ. ಬರಿಹೊಟ್ಟೆಯಲ್ಲಿ ಎರಡು ಮೂರು ಮಾತ್ರೆ ನುಂಗುವುದರಿಂದ ತೊಂದರೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಟಿಎಸ್‌ಎಚ್ ಕೂಡ ನೋಡಿಸಿ. ಥೈರಾಯ್ಡ್ ಡೋಸ್ ಅಗತ್ಯಕ್ಕಿಂತ ಹೆಚ್ಚಾಗಿದ್ದರೆ ಅದೂ ಮೂಳೆಯನ್ನು ತಿನ್ನುತ್ತದೆ.

ನಾಲ್ಕನೇ ವಾರದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ ಮಾಡಿಸಿ, ಫಲಿತಾಂಶ ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಅದು ಹಾರ್ಮೋನು ಪರೀಕ್ಷೆಗಳ ಲೆಕ್ಕ ತಪ್ಪಿಸುತ್ತದೆ. ಪಿಟಿಎಚ್ ಅನ್ನು ಮಾತ್ರ ಈಗ ಪದೇಪದೇ ಅಳೆಯಬೇಡಿ. ವಿಟಮಿನ್ ಡಿ ತುಂಬಿದ ಮೇಲೆ, ಮುಂದಿನ ಔಷಧ ಕೊಟ್ಟು ಮೂರು ನಾಲ್ಕು ತಿಂಗಳಾದ ನಂತರ ಒಮ್ಮೆ ನೋಡಿದರೆ ಸಾಕು.